ಮೂಗಿನ ಡಾಕ್ಟರರ ಊರಿನಲ್ಲಿ ಒಂದು ಅಂಗೈ

ಪುಣೆಯಲ್ಲಿ ಮೂಗು ಸರಿ ಮಾಡುವ ಡಾಕ್ಟರರಿಗೆ ಏನೂ ಬರವಿಲ್ಲ. ಉದ್ದ ಮೂಗನ್ನು ಗಿಡ್ಡ ಮಾಡುತ್ತಾರೆ, ಚಪ್ಪಟೆ ಮೂಗನ್ನು ಎತ್ತಿ ನಿಲ್ಲಿಸುತ್ತಾರೆ, ಬೋಳು ತಲೆಯಲ್ಲಿ ಕೂದಲು ನೆಡುತ್ತಾರೆ, ಐವತ್ತರ ಹೆಂಗಸಿನ ಗಲ್ಲ ಎಳೆದು ಕಟ್ಟಿ ಮೂವತ್ತು ಎನ್ನುತ್ತಾರೆ. ಇವರೆಲ್ಲರ ಬೋರ್ಡಿನ ಮೇಲೂ ಹೆಸರಿನ ಕೆಳಗೆ ಪ್ಲಾಸ್ಟಿಕ್ ಸರ್ಜನ್ ಎಂದೇ ಬರೆದಿರುತ್ತದೆ. ನಮಗೆ ಬೇಕಾಗಿದ್ದವರು ಒಬ್ಬರೇ ಒಬ್ಬರು: ನನ್ನ ತಂಗಿಯ ಮುಚ್ಚಿಹೋದ ಬಲಗೈಯನ್ನು ಬಿಚ್ಚಿ ಕೊಡುವವರು, ಮತ್ತು ಸರಕಾರದ ಆರೋಗ್ಯ ವಿಮೆಯ ಕಾರ್ಡನ್ನು ಕಂಡು ಮುಖ ಸಿಂಡರಿಸದವರು. ಅಂಥವರ ಮುಂದೆ ಹೋಗಿ ಕೂರುವುದಕ್ಕೆ ನಮಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ನಾನು ಬೈಯದ ಮನುಷ್ಯರಿಲ್ಲ. ಈಗಲೂ ಬೈಯುತ್ತೇನೆ. ಯಾರನ್ನು ಮೊದಲು ಬೈಯಬೇಕು ಎನ್ನುವುದು ಮಾತ್ರ ಬದಲಾಗಿದೆ.

ಮನೆಯಲ್ಲಿ ನಾವಿಬ್ಬರೇ. ನಮ್ಮ ತಂದೆ ಧಾರವಾಡದಿಂದ ನೌಕರಿಗೆಂದು ಬಂದು ಇಲ್ಲೇ ಉಳಿದವರು. ನಾನು ಮದುವೆಯಾಗಲಿಲ್ಲ, ತಂಗಿ ಮದುವೆಯಾಗಿ ಗಂಡನನ್ನು ಕಳೆದುಕೊಂಡಳು. ನಾನು ಶಿವಾಜಿನಗರದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಿಟಕಿಯ ಹಿಂದೆ ಕುಳಿತು ನಿವೃತ್ತಳಾದವಳು. ಆ ಕಿಟಕಿಯಿಂದ ನನ್ನ ಸಹಿ ಇಲ್ಲದೆ ಒಂದು ಹಾಳೆಯೂ ಆಚೆ ಹೋಗುತ್ತಿರಲಿಲ್ಲ, ಮತ್ತು ನಾನು ಸಹಿಯನ್ನು ಅಷ್ಟು ಸುಲಭಕ್ಕೆ ಹಾಕುತ್ತಲೂ ಇರಲಿಲ್ಲ. ಇದನ್ನು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ತಂಗಿ ರೊಟ್ಟಿ ಬಡಿಯುತ್ತಾಳೆ. ಜೋಳದ ರೊಟ್ಟಿ. ನಮ್ಮ ಮುಂದಿನ ಕೋಣೆಯಲ್ಲೇ ಒಲೆ, ಹಂಚು, ಹಿಟ್ಟಿನ ಪರಾತ. ಕೋರ್ಟಿನ ಬೆಳಗಾವಿ ವಕೀಲರು, ಹುಬ್ಬಳ್ಳಿ ಕಡೆಯ ಲೆಕ್ಚರರು, ಊಟದ ಡಬ್ಬಿಯಲ್ಲಿ ಚಪಾತಿ ತಿಂದು ಬೇಸತ್ತ ಬ್ಯಾಂಕಿನವರು ಬಂದು ಒಯ್ಯುತ್ತಾರೆ. ನನಗೆ ಅದು ಮೊದಲಿನಿಂದ ಸೇರುತ್ತಿರಲಿಲ್ಲ. ಸರಕಾರಿ ನೌಕರಿಯವಳ ಮನೆಯಲ್ಲಿ ಬೆಳಗಾದರೆ ಪಟಪಟ ಎಂದು ರೊಟ್ಟಿಯ ಸಪ್ಪಳ, ಬಾಗಿಲಲ್ಲಿ ಚಪ್ಪಲಿಗಳ ರಾಶಿ! ಆದರೆ ಅವಳು ಬಡಿಯುವುದನ್ನು ನೋಡುತ್ತ ನಿಂತರೆ ನನ್ನ ಬಾಯೂ ಮುಚ್ಚುತ್ತಿತ್ತು. ಅಂಗೈ ಚಪ್ಪಟೆಯಾಗಿ ಬೀಳುತ್ತಿತ್ತು, ಐದು ಬೆರಳೂ ನೆಟ್ಟಗೆ ನಿಂತು ರೊಟ್ಟಿಯನ್ನು ತಾನೇ ತಾನಾಗಿ ತಿರುಗಿಸುತ್ತಿದ್ದವು. ಆ ಹೊತ್ತಿನಲ್ಲಿ ಅವಳಷ್ಟು ಸುಖಿ ಯಾರೂ ಇರಲಿಲ್ಲ. ಗಂಡ ಹೋದ ಮೇಲೆ ಅವಳನ್ನು ಎಬ್ಬಿಸಿ ಕೂರಿಸಿದ್ದು ನಾನಲ್ಲ, ಆ ರೊಟ್ಟಿ.

ಒಂದು ಬೆಳಿಗ್ಗೆ ನೆಲದ ಮೇಲೆ ಚೆಲ್ಲಿದ್ದ ನೀರಿಗೆ ಅವಳ ಕಾಲು ಜಾರಿತು. ಆಸರೆಗೆಂದು ಚಾಚಿದ ಬಲಗೈ ಹೋಗಿ ಕಾದ ಹಂಚಿನ ಮೇಲೆ ಊರಿತು, ಇಡೀ ಮೈಭಾರದೊಂದಿಗೆ. ನಾನು ಒಳಗೆ ಪೇಪರ್ ಓದುತ್ತಿದ್ದೆ. ಅವಳು ಕಿರುಚಲಿಲ್ಲ. ಎಡಗೈಯಿಂದ ಒಲೆ ಆರಿಸಿ, ಹಿಟ್ಟು ಒಣಗಬಾರದೆಂದು ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ನನ್ನನ್ನು ಕರೆದಳು. "ಅಕ್ಕ, ಸ್ವಲ್ಪ ಬಾ ಇಲ್ಲೆ." ಅಂಗೈಯನ್ನು ನೋಡಿ ನಾನು ಕಿರುಚಿದೆ.

ನಮ್ಮ ಓಣಿಯ ಮೂಲೆಯ ಡಾಕ್ಟರು ದಿನಾ ಪಟ್ಟಿ ಕಟ್ಟಿದರು. ಆರು ವಾರಕ್ಕೆ ಗಾಯ ಮಾಯಿತು. ಗಾಯ ಮಾಯುತ್ತ ಬಂದ ಹಾಗೆ ಕೈ ಮುಚ್ಚುತ್ತ ಬಂತು. ಸುಟ್ಟ ಚರ್ಮ ಒಣಗಿ ಎಳೆದುಕೊಂಡು ಬೆರಳುಗಳನ್ನು ಒಳಗೆ ಜಗ್ಗಿತು. ಹೆಬ್ಬೆರಳೊಂದು ಅಷ್ಟಿಷ್ಟು ಆಡುತ್ತಿತ್ತು. ಉಳಿದ ನಾಲ್ಕೂ ಅಂಗೈಗೆ ಅಂಟಿ ಕುಳಿತವು. "ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ, ತಡ ಮಾಡಬೇಡಿ" ಎಂದರು ಮೂಲೆಯ ಡಾಕ್ಟರು. ದುಡ್ಡು ಕೊಟ್ಟು ಮಾಡಿಸುವ ಶಕ್ತಿ ನಮಗಿರಲಿಲ್ಲ. ನನ್ನ ಪಿಂಚಣಿಯ ಸವಲತ್ತು ನನ್ನೊಬ್ಬಳಿಗೇ. ಅವಳಿಗಿದ್ದದ್ದು ರೇಷನ್ ಕಾರ್ಡಿನ ಮೇಲೆ ಸಿಗುವ ಸರಕಾರಿ ವಿಮೆ. ಇರಲಿ, ಪುಣೆಯಂಥ ಊರಿನಲ್ಲಿ ಡಾಕ್ಟರಿಗೇನು ಕೊರತೆ ಎಂದುಕೊಂಡೆ.

ಅದೇ ವಾರದ ಶನಿವಾರ ಇಂಡಿಯವನು ಬಂದ. ವಿಜಾಪುರ ಜಿಲ್ಲೆಯ ಇಂಡಿ ಕಡೆಯವನು, ಪುಣೆಯ ಹೊರಗಿನ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಷೀನಿನ ಮೇಲೆ ದುಡಿಯುವವನು. ನಲವತ್ತರ ಮೇಲಿನ ವಯಸ್ಸು. ವಾರಕ್ಕೊಮ್ಮೆ ಪೇಟೆಗೆ ಬಂದಾಗ ಒಂದು ಕಟ್ಟು ರೊಟ್ಟಿ ಒಯ್ಯುತ್ತಿದ್ದ. ತಂಗಿಯ ಕೈ ನೋಡಿ ಅವನು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಮೇಡಮ್ಮಾರ, ಇದನ್ನ ಹಿಂಗ ಬಿಟ್ರ ಕಲ್ಲಾಗಿಬಿಡ್ತದ್ರಿ" ಎಂದ ನನಗೆ. "ನಮ್ಮ ಕಂಪನಿ ದಾಟಿ ಶಿರೂರ ರೋಡಿಗೆ ಒಬ್ರು ಡಾಕ್ಟರ್ ಬಾಯಾರ ಅದಾರ. ನಂದೂ ಅವರ ಮಾಡ್ಯಾರ. ಕಾರ್ಡಿನ ಮ್ಯಾಲೆ ಮಾಡ್ತಾರ್ರಿ, ಒಂದ್ ಪೈಸಾ ಕೇಳಂಗಿಲ್ಲ."

ಹಾಗೆಂದು ತನ್ನ ಎಡ ಅಂಗೈಯನ್ನು ನನ್ನ ಮೂಗಿನ ಕೆಳಗೆ ಚಾಚಿದ. ಮಧ್ಯದಲ್ಲಿ ಬೇರೆ ಬಣ್ಣದ ಒಂದು ತೇಪೆ. ಅದರ ಮೇಲೆ ನಾಲ್ಕಾರು ಕೂದಲು.

"ಹೊಟ್ಟಿ ಚರ್ಮಾರಿ ಇದು" ಎಂದು ನಕ್ಕ. "ನಾ ದಪ್ಪ ಆದ್ರ ಇದೂ ದಪ್ಪ ಆಗ್ತದ ನೋಡ್ರಿ!"

ನಾನು ಮುಖವನ್ನು ಹಿಂದಕ್ಕೆ ತೆಗೆದೆ. ಅಂಗೈಯಲ್ಲಿ ಕೂದಲು! "ರಾಂಜಣಗಾಂವದಾಗ ಪ್ಲಾಸ್ಟಿಕ್ ಸರ್ಜನ್ನು? ಎತ್ತಿಗೆ ಲಾಳಾ ಹೊಡಿಯೋರಿರಬೇಕು ನೋಡು" ಎಂದೆ, ಅವನೆದುರಿಗೇ. ಅವನು ನಗುವುದನ್ನು ನಿಲ್ಲಿಸಿ, ಕೈಯನ್ನು ಮಡಚಿಕೊಂಡು ಎದ್ದು ಹೋದ.

ಧಾರವಾಡದವರಾದ ನಮಗೆ ವಿಜಾಪುರದವರೆಂದರೆ ಮೊದಲೇ ಅಷ್ಟಕ್ಕಷ್ಟೆ. ಅದರ ಮೇಲೆ ಪುಣೆಯ ನೀರು ಕುಡಿದು ನನ್ನ ಮೂಗು ಇನ್ನೂ ಮೇಲೇರಿತ್ತು. ಈ ಊರಿನ ಗಡಿ ದಾಟಿದರೆ ಆಚೆ ಮನುಷ್ಯರೇ ಇಲ್ಲ ಎನ್ನುವ ಪುಣೇಕರರ ರೋಗ ಇಲ್ಲಿ ಹುಟ್ಟಿದ ಕನ್ನಡದವರಿಗೆ ದುಪ್ಪಟ್ಟು ಅಂಟಿರುತ್ತದೆ. "ಇಂಡಿಯವನ ಮಾತು ಕೇಳಿ ಯಾವದೋ ಹಳ್ಳಿ ಡಾಕ್ಟರಗ ಕೈ ಕೊಡೂದೇನು? ಹುಚ್ಚೇನು ನಿನಗ?" ಎಂದೆ ತಂಗಿಗೆ. ಅವಳು ಅವನು ಹೋದ ದಾರಿಯನ್ನೇ ನೋಡುತ್ತಿದ್ದಳು.

"ಅವನ ಕೈ ಬಿಚ್ಚತದಲ್ಲ ಅಕ್ಕ" ಎಂದಳು.

"ಸುಮ್ಮಕಿರು ನೀ" ಎಂದೆ. ಅವಳು ಸುಮ್ಮನಾದಳು. ಚಿಕ್ಕಂದಿನಿಂದ ನಾನು ಸುಮ್ಮನಿರೆಂದರೆ ಸುಮ್ಮನಾಗುವವಳು.

ಮೊದಲು ಅವಳನ್ನು ಕರೆದೊಯ್ದದ್ದು ಊರಿನ ಒಳ್ಳೆಯ ರಸ್ತೆಯ ಒಂದು ಕ್ಲಿನಿಕ್ಕಿಗೆ. ದೊಡ್ಡ ಡಾಕ್ಟರ ಹತ್ತಿರ ಹೋಗುವಾಗ ಚೆಂದಾಗಿ ಉಟ್ಟು ತೊಟ್ಟು ಹೋಗಬೇಕು ಎಂಬುದು ನಮ್ಮ ಮನೆಯ ಕಾನೂನು. ನಮ್ಮ ಅವ್ವ ನೂರಾಮೂರು ಜ್ವರದಲ್ಲೂ ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಹಾಕಿಕೊಂಡೇ ದವಾಖಾನೆಯ ಮೆಟ್ಟಿಲು ಹತ್ತಿದವಳು. ಹರಕು ಸೀರೆಯಲ್ಲಿ ಹೋದರೆ ಡಾಕ್ಟರು ನಾಡಿಯನ್ನೂ ಸರಿಯಾಗಿ ಹಿಡಿಯುವುದಿಲ್ಲ ಎಂದು ನಂಬಿದ ಜನ ನಾವು. ತಂಗಿಗೆ ರೇಷ್ಮೆ ಸೀರೆ ಉಡಿಸಿದೆ, ಎಡಗೈಗೆ ಅವ್ವನ ಬಂಗಾರದ ಪಾಟ್ಲಿ ತೊಡಿಸಿದೆ, ಸುಟ್ಟ ಕೈಯನ್ನು ಸೆರಗಿನ ಒಳಗೆ ಇರಿಸಿದೆ. ನಾನೂ ಒಂದು ಸರ ಹಾಕಿಕೊಂಡೆ.

ಒಳಗೆ ದವಾಖಾನೆಯ ವಾಸನೆಯೇ ಇಲ್ಲ, ಅತ್ತರಿನ ವಾಸನೆ. ಗೋಡೆಯ ತುಂಬ ಮೂಗುಗಳು. ಎಡಕ್ಕೆ ಮೊದಲಿನ ಮೂಗು, ಬಲಕ್ಕೆ ಆಮೇಲಿನ ಮೂಗು. ನನ್ನ ಕಣ್ಣಿಗೆ ಎರಡೂ ಒಂದೇ. ಮುಂದೆ ಕುಳಿತಿದ್ದ ಹುಡುಗಿ ತಂಗಿಯನ್ನು ನೋಡಲೇ ಇಲ್ಲ, ನನ್ನ ಮುಖವನ್ನೇ ಎರಡು ಸಲ ಅಳೆದು, ಮರಾಠಿಯಲ್ಲಿ ಬಹಳ ಮೃದುವಾಗಿ ಕೇಳಿದಳು: "ಕಣ್ಣಿನ ಕೆಳಗಿನದಾ, ಇಲ್ಲಾ ಕುತ್ತಿಗೆಯದೂ ಸೇರಿಸಿಯಾ?"

ಎಲಾ ಇವಳ! ಅರವತ್ತು ವರ್ಷ ದುಡಿದು ಗಳಿಸಿದ ಸುಕ್ಕು, ಇವಳಿಗೆ ಅದು ರಿಪೇರಿಗೆ ಬಂದಂತೆ ಕಂಡಿತು. ತಂಗಿ ಆ ನೋವಿನಲ್ಲೂ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಅಪಘಾತವಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಅದಕ್ಕಾಗಿ ಆ ಹುಡುಗಿಯನ್ನು ಕ್ಷಮಿಸಿದ್ದೇನೆ.

ಡಾಕ್ಟರನನ್ನು ಕ್ಷಮಿಸಿಲ್ಲ. ಅವನು ಕೈಯನ್ನು ಎರಡು ಬೆರಳಿನಿಂದ ಎತ್ತಿ, ತಿರುಗಿಸಿ, ಆಗುತ್ತದೆ, ಎರಡು ಗಂಟೆಯ ಕೆಲಸ, ಏನೂ ತೊಂದರೆಯಿಲ್ಲ ಎಂದ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗ ನಾನು ಕಾರ್ಡನ್ನು ಮೇಜಿನ ಮೇಲಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಸತ್ತ ಜಿರಲೆಯನ್ನು ನೋಡಿದ ಹಾಗೆ ನೋಡಿ, ಇದು ಇಲ್ಲಿ ನಡೆಯುವುದಿಲ್ಲ ಎಂದ. ಆಮೇಲೆ ತಂಗಿಯ ಪಾಟ್ಲಿಯನ್ನು, ನನ್ನ ಸರವನ್ನು ನೋಡಿ, "ಈ ಕಾರ್ಡು ಬಡವರಿಗಲ್ಲವೇ?" ಎಂದು ಕೇಳಿದ.

"ಹೌದು, ಮೂಗು ನೆಟ್ಟಗಿದ್ದ ಬಡವರಿಗೆ" ಎಂದು ಹೇಳಿ ಎದ್ದು ಬಂದೆ. ಬಾಗಿಲು ದಾಟುವ ತನಕ ಭಾಳ ಬುದ್ಧಿವಂತಿಕೆಯ ಮಾತಾಡಿದೆ ಎನಿಸಿತ್ತು. ಹೊರಗೆ ರಿಕ್ಷಾದಲ್ಲಿ ತಂಗಿ ಪಾಟ್ಲಿಯನ್ನು ಬಿಚ್ಚಲು ಹೆಣಗುತ್ತಿದ್ದಳು. ಎಡಗೈಯ ಬಳೆ ತೆಗೆಯಲು ಬಲಗೈ ಬೇಕಲ್ಲ. ನಾನೇ ತೆಗೆದೆ.

ಆ ರಸ್ತೆಯಲ್ಲಿ ಇನ್ನೂ ಮೂರು ಕಡೆ ಹೋದೆವು, ಈ ಸಲ ನೂಲಿನ ಸೀರೆಯಲ್ಲಿ. ಎಲ್ಲ ಕಡೆಯೂ ಅದೇ ಅತ್ತರು, ಅದೇ ಮೂಗು. ಒಬ್ಬ ಮಹಾನುಭಾವ ಇದು ಅಂದಚೆಂದದ ಆಪರೇಷನ್, ಸರಕಾರ ಇದಕ್ಕೆಲ್ಲ ಕೊಡುವುದಿಲ್ಲ ಎಂದು ನನಗೆ ಪಾಠ ಹೇಳಿದ. ಮುಷ್ಟಿಯಾಗಿ ಹೋದ ಕೈ ಬಿಚ್ಚುವುದು ಅಂದಚೆಂದವಂತೆ! ಇವನು ತನ್ನ ಎರಡೂ ಮುಷ್ಟಿ ಕಟ್ಟಿಕೊಂಡು ಒಂದು ದಿನ ಪ್ಯಾಂಟಿನ ಗುಂಡಿ ಹಾಕಿಕೊಳ್ಳಲಿ ನೋಡೋಣ.

ಆಮೇಲೆ ಯಾರೋ ಹೇಳಿದರು, ವಿಮೆ ನಡೆಯುವ ದವಾಖಾನೆಗಳ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ ಎಂದು. ನೋಡಿದೆ. ನಮ್ಮ ಮನೆಗೆ ಹತ್ತಿರವೇ ಒಂದು ದವಾಖಾನೆ, ಅದರ ಮುಂದೆ ಪ್ಲಾಸ್ಟಿಕ್ ಸರ್ಜರಿ ಎಂದು ಸ್ಪಷ್ಟವಾಗಿ ಬರೆದಿತ್ತು. ಅಲ್ಲಿ ಕಾರ್ಡಿನವರಿಗೆಂದೇ ಒಂದು ಮೇಜು, ಅದರ ಹಿಂದೆ ಒಬ್ಬ ಮನುಷ್ಯ. ಅವನ ಹುದ್ದೆಯ ಹೆಸರು ಆರೋಗ್ಯಮಿತ್ರ. ನಾವು ಹೋದಾಗ ಮಿತ್ರ ಡಬ್ಬಿಯ ಮುಚ್ಚಳದ ಮೇಲೆ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಿದ್ದ.

ಕಾರ್ಡು ಸರಿ ಇದೆ ಎಂದ. ದವಾಖಾನೆಯೂ ಪಟ್ಟಿಯಲ್ಲಿದೆ, ಪ್ಲಾಸ್ಟಿಕ್ ಸರ್ಜರಿಯೂ ಪಟ್ಟಿಯಲ್ಲಿದೆ. ಸರ್ಜನ್ ಇಲ್ಲ.

"ಎಲ್ಲಿಗೆ ಹೋಗಿದ್ದಾರೆ?"

"ಬಿಟ್ಟು ಹೋದರು."

"ಯಾವಾಗ?"

"ನಾನು ಇಲ್ಲಿ ಸೇರುವ ಮೊದಲೇ."

"ಹಾಗಾದರೆ ಪಟ್ಟಿಯಲ್ಲಿ ಯಾಕೆ ಇಟ್ಟಿದ್ದೀರಿ?"

"ಪಟ್ಟಿ ಮಾಡುವವರು ನಾವಲ್ಲ, ಅದು ಮೇಲಿಂದ ಬರುತ್ತದೆ" ಎಂದು ಮೊಸರನ್ನದ ಕೈಯನ್ನೇ ಮೇಲಕ್ಕೆ ತೋರಿಸಿದ. ಹೊಸಬರು ಬರುವವರಿದ್ದಾರೆ, ಉದ್ಯಾ ಯಾ ಎಂದ. ನಾಳೆ ಬನ್ನಿ. ಆ ಎರಡು ಶಬ್ದಗಳನ್ನು ಅವನು ಹೇಳಿದ ರೀತಿ, ತಲೆ ಎತ್ತದೆ, ಧ್ವನಿಯಲ್ಲಿ ಸಿಟ್ಟೂ ಇಲ್ಲದೆ ಕರುಣೆಯೂ ಇಲ್ಲದೆ, ನನಗೆ ಚೆನ್ನಾಗಿ ಗೊತ್ತಿದ್ದ ರೀತಿ. ಮೂವತ್ತು ವರ್ಷ ನಾನೂ ಹಾಗೆಯೇ ಹೇಳಿದ್ದೆ. ಎಷ್ಟು ಜನ ನಾಳೆ ಮತ್ತೆ ಬಂದರೋ, ಎಷ್ಟು ಜನ ಬಸ್ಸಿನ ದುಡ್ಡಿಲ್ಲದೆ ಬರಲಿಲ್ಲವೋ, ನಾನು ಒಂದು ದಿನವಾದರೂ ಎಣಿಸಿದವಳಲ್ಲ. ಆದರೂ ಅವತ್ತು ನನಗೆ ನಾಚಿಕೆಯಾಗಲಿಲ್ಲ. ಸಿಟ್ಟೇ ಬಂತು. ನನ್ನಂಥವಳಿಗೇ ಹೀಗೆ ಹೇಳುತ್ತಾನಲ್ಲ ಎಂದು. ಆ ಮಿತ್ರನ ಮೇಜಿಗೆ ನಾಲ್ಕು ಸಲ ಹೋದೆವು. ನಾಲ್ಕನೆಯ ಸಲ ಮೇಜಿತ್ತು, ಅವನೂ ಬಿಟ್ಟು ಹೋಗಿದ್ದ.

ಕೊನೆಗೆ ಊರಿನ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಸರ್ಜನ್ ಇದ್ದರು, ನಿಜವಾದವರು, ಕಣ್ಣ ಕೆಳಗೆ ಕಪ್ಪು ಕಟ್ಟಿದವರು. ಎರಡು ತಿಂಗಳ ಮುಂದಿನ ತಾರೀಖು ಕೊಟ್ಟರು. ಆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೂತರೆ, ಯಾವುದೋ ಬೆಂಕಿ ಅನಾಹುತದವರನ್ನು ತಂದಿದ್ದಾರೆ, ನೀವು ಮುಂದಿನ ತಿಂಗಳು ಬನ್ನಿ ಎಂದರು. ಮುಂದಿನ ತಿಂಗಳೂ ಹಾಗೆಯೇ ಆಯಿತು. ಸ್ಟ್ರೆಚರುಗಳ ಮೇಲೆ ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅವರನ್ನು ಬಿಟ್ಟು ನಮ್ಮನ್ನು ನೋಡಿ ಎನ್ನುವ ಬಾಯಿ ಯಾರಿಗಿದೆ? ನನಗಿತ್ತು. ಅಂದೆ ಕೂಡ. ಅಲ್ಲಿದ್ದ ನರ್ಸಮ್ಮ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಈ ನಡುವೆ ಮನೆಯಲ್ಲಿ ಒಲೆ ತಣ್ಣಗಿತ್ತು. ತಂಗಿ ಎಡಗೈಯಲ್ಲಿ ಬಡಿದು ನೋಡಿದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ನಾನು ರೊಟ್ಟಿ ಒತ್ತುವ ಮಷೀನು ತಂದುಕೊಟ್ಟೆ. ಅದರಿಂದ ಬಂದದ್ದನ್ನು ಎತ್ತಿ ಹಿಡಿದು, "ಅಕ್ಕ, ಇದನ್ನ ತಿನ್ನೂದೋ, ಕಾಲಾಗ ಹಾಕ್ಕೊಳ್ಳೂದೋ?" ಎಂದಳು. ಗಿರಾಕಿಗಳು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಬೆಳಿಗ್ಗೆ ಪಟಪಟ ಸಪ್ಪಳವಿಲ್ಲದ ಮನೆಯಲ್ಲಿ ನನಗೆ ಪೇಪರ್ ಓದಲಾಗುತ್ತಿರಲಿಲ್ಲ. ಅವಳು ಕಿಟಕಿಯ ಹತ್ತಿರ ಕುಳಿತು ಕೊಬ್ಬರಿ ಎಣ್ಣೆ ಹಚ್ಚಿ, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದಳು. ಬಿಟ್ಟ ಕೂಡಲೇ ಅವು ಮತ್ತೆ ಒಳಗೆ ಹೋಗುತ್ತಿದ್ದವು. ಬರಬರುತ್ತ ಕಿರುಬೆರಳು ಏಳುವುದನ್ನೇ ನಿಲ್ಲಿಸಿತು.

ಇಂಡಿಯವನು ಮಾತ್ರ ಶನಿವಾರ ಬರುತ್ತಲೇ ಇದ್ದ. ರೊಟ್ಟಿ ಇಲ್ಲವೆಂದು ಗೊತ್ತಿದ್ದೂ ಬಂದು, ರೊಟ್ಟಿಯ ಬದಲಿಗೆ ನಾನು ಮಾಡಿ ಮಾರತೊಡಗಿದ್ದ ಶೇಂಗಾ ಚಟ್ನಿ ಕೊಂಡು ಹೋಗುತ್ತಿದ್ದ. ಅದನ್ನು ರುಚಿಗೆಂದು ಯಾರೂ ಕೊಳ್ಳುವುದಿಲ್ಲ. ಡಾಕ್ಟರ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅವಳ ಕೈಯನ್ನು ನೋಡುತ್ತಿದ್ದ, ಆಮೇಲೆ ನನ್ನನ್ನು ನೋಡುತ್ತಿದ್ದ, ಚಟ್ನಿಯ ಪೊಟ್ಟಣ ಹಿಡಿದು ಹೋಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಸರಕಾರಿ ಆಸ್ಪತ್ರೆಯಿಂದ ಎರಡನೆಯ ಸಲ ವಾಪಸು ಬಂದ ದಿನ ತಂಗಿ ಊಟಕ್ಕೆ ಕುಳಿತವಳು ಚಮಚವನ್ನು ತಟ್ಟೆಯಲ್ಲಿ ಇಟ್ಟುಬಿಟ್ಟಳು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಅವಳು ಎಂದೂ ಒಪ್ಪಿಕೊಂಡಿರಲಿಲ್ಲ.

"ಅಕ್ಕ, ನಾಳೆ ನಾ ರಾಂಜಣಗಾಂವಕ್ಕ ಹೊಂಟೀನಿ. ನೀ ಬರೂದಿದ್ರ ಬಾ, ಇಲ್ಲಂದ್ರ ಬಿಡು."

"ಅಲ್ಲ, ಆ ಇಂಡಿಯವನ..."

"ಮೂಗಿನ ಡಾಕ್ಟರನ್ನ ನೀ ತೋರಿಸಿದಿ. ಇಲ್ಲದ ಡಾಕ್ಟರನ್ನೂ ನೀನ ತೋರಿಸಿದಿ. ಇರೋ ಡಾಕ್ಟರನ್ನ ಅವ ತೋರಿಸ್ಯಾನ. ನಾ ಹೊಂಟೀನಿ."

ನನಗೆ ಅವಳು ಹಾಗೆ ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು. ಮರುದಿನ ಶಿವಾಜಿನಗರದಲ್ಲಿ ಬಸ್ಸು ಹತ್ತಿದೆವು. ನಾನು ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದೆ: ಧೂಳು, ಟ್ರಕ್ಕು, ಇಲ್ಲಿ ಎಂಥ ಡಾಕ್ಟರು ಇರುತ್ತಾರೆ, ಇದ್ದರೂ ಎಂಥವರಿರುತ್ತಾರೆ. ರಾಂಜಣಗಾಂವದ ಗಣಪತಿ ಗುಡಿಯ ಕಮಾನು ಬಂದಾಗ ತಂಗಿ ಕಿಟಕಿಯಿಂದಲೇ ಕೈ ಮುಗಿದಳು. ಒಂದು ಅಂಗೈ, ಒಂದು ಮುಷ್ಟಿ. ನಾನು ಆ ಕಡೆ ನೋಡದೆ ಟಿಕೆಟ್ಟನ್ನು ನೋಡಿಕೊಂಡೆ.

ದವಾಖಾನೆ ಒಂದು ಟೈರ್ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ. ನೋಡಿದೆಯಾ ಎಂದು ತಂಗಿಗೆ ಕಣ್ಣಲ್ಲೇ ಹೇಳಿದೆ. ಆಮೇಲೆ ಒಳಗೆ ಹೋದೆವು. ಗೋಡೆಗೆ ಒರಗಿಸಿದ ಬೆಂಚುಗಳ ಮೇಲೆ ಗಂಡಸರೇ ಗಂಡಸರು, ಬಹುಪಾಲು ಕಾರ್ಖಾನೆಯ ಅಂಗಿಯಲ್ಲೇ ಬಂದವರು. ಪ್ರತಿಯೊಬ್ಬರ ಒಂದು ಕೈಗೆ ಪಟ್ಟಿ. ಕೆಲವರು ಪಟ್ಟಿ ಬಿಚ್ಚಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತ ಕುಳಿತಿದ್ದರು. ಮಷೀನುಗಳಿದ್ದ ಕಡೆ ಬೆರಳು ಹೋಗುತ್ತವೆ, ಬೆರಳು ಹೋಗುವ ಕಡೆ ಬೆರಳಿನ ಡಾಕ್ಟರು ಕೂರುತ್ತಾರೆ. ಇಷ್ಟು ಸಣ್ಣ ವಿಷಯ ತಿಳಿಯಲು ಮೂವತ್ತು ವರ್ಷದ ಸರಕಾರಿ ನೌಕರಿ ಸಾಲದಾಯಿತು ನನಗೆ.

ಡಾಕ್ಟರು ಐವತ್ತು ದಾಟಿದ ಗಿಡ್ಡ ಹೆಂಗಸು, ಕಾಲಲ್ಲಿ ಹವಾಯಿ ಚಪ್ಪಲಿ. ನಮಸ್ಕಾರವಿಲ್ಲ, ನಗುವಿಲ್ಲ. ತಂಗಿಯ ಕೈಯನ್ನು ಮೇಜಿನ ಮೇಲಿಟ್ಟು, ಒಂದೊಂದು ಬೆರಳಿನ ಒಂದೊಂದು ಗಂಟನ್ನೂ ಹಿಡಿದು ಅಲ್ಲಾಡಿಸಿ ನೋಡಿದರು. ನಾಲ್ಕು ಕ್ಲಿನಿಕ್ಕುಗಳಲ್ಲಿ ಯಾರೂ ಅಷ್ಟು ಹೊತ್ತು ಆ ಕೈಯನ್ನು ಹಿಡಿದುಕೊಂಡಿರಲಿಲ್ಲ. ಕಿರುಬೆರಳಿಗೆ ಬಂದಾಗ ನಿಂತರು.

"ಸುಟ್ಟು ಎಷ್ಟು ದಿನವಾಯಿತು?" ಎಂದು ಮರಾಠಿಯಲ್ಲಿ ಕೇಳಿದರು.

"ಎಂಟು ತಿಂಗಳು."

"ಎಂಟು ತಿಂಗಳು ಏನು ಮಾಡುತ್ತಿದ್ದಿರಿ?"

ನಾನು ಶುರು ಮಾಡಿದೆ. ಕ್ಲಿನಿಕ್ಕು, ಪಟ್ಟಿ, ಮಿತ್ರ, ತಾರೀಖು. ಅವರು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. "ಮೊದಲ ಎರಡು ಮೂರು ತಿಂಗಳಲ್ಲಿ ಬಂದಿದ್ದರೆ ಐದೂ ಬೆರಳು ವಾಪಸು ಕೊಡುತ್ತಿದ್ದೆ. ಈಗ ಕಿರುಬೆರಳಿನ ಗಂಟು ಗಟ್ಟಿಯಾಗಿ ಕೂತುಬಿಟ್ಟಿದೆ. ಅದು ಹೀಗೇ ಬಾಗಿ ಉಳಿಯುತ್ತದೆ. ಉಳಿದ ನಾಲ್ಕನ್ನು ಕೊಡುತ್ತೇನೆ." ಆಮೇಲೆ ತಂಗಿಯ ಮುಖ ನೋಡಿ ಕೇಳಿದರು: "ಈ ಕೈಯ ಕೆಲಸ ಇಲ್ಲಿ ನಡೆಯುತ್ತದೆ, ಕಾರ್ಡಿನ ಮೇಲೆ ನಡೆಯುತ್ತದೆ ಎಂದು ನಿಮಗೆ ಇಷ್ಟು ದಿನ ಒಬ್ಬರೂ ಹೇಳಲಿಲ್ಲವೇ?"

ನಾನು ನೆಲ ನೋಡಿದೆ. ಹೇಳಲಿ ಎಂದುಕೊಂಡೆ. ಹೇಳಬೇಕಾದ್ದೇ.

"ಇಲ್ಲ" ಎಂದಳು ತಂಗಿ. "ಯಾರೂ ಹೇಳಲಿಲ್ಲ. ಮೊನ್ನೆಯಷ್ಟೇ ಗೊತ್ತಾಯಿತು."

ಅವಳು ಸುಳ್ಳು ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವಳು ಅದಕ್ಕೂ ಎಡೆ ಕೊಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಕೆಳಗಿನ ಟೈರ್ ಅಂಗಡಿಯವನು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತೆ. ಥೂ, ಎಂಥ ಹೆಣ್ಣು ನಾನು. ಇಂಡಿಯವನು ಕೂದಲಿದ್ದ ಅಂಗೈಯನ್ನು ಮಡಚಿಕೊಂಡು ಎದ್ದು ಹೋದದ್ದೇ ಕಣ್ಣ ಮುಂದೆ ಬರುತ್ತಿತ್ತು.

ಅಲ್ಲಿನ ಕಾರ್ಡಿನ ಮೇಜಿನಲ್ಲಿ ಒಬ್ಬ ಹುಡುಗಿ ಇದ್ದಳು. ತಂಗಿಯ ಕೈಯ ಫೋಟೋ ತೆಗೆದು, ಕಾಗದಗಳನ್ನು ಕಳಿಸಿ, ಮಂಜೂರಿ ಬಂದ ಕೂಡಲೇ ತಾನೇ ಫೋನ್ ಮಾಡುತ್ತೇನೆ, ನೀವು ಸುಮ್ಮನೆ ಅಲೆದಾಡಬೇಡಿ ಎಂದಳು. ಮೂರನೆಯ ದಿನ ಫೋನ್ ಬಂತು. ಆ ಹುಡುಗಿಯನ್ನು ಬೈಯಲು ನನ್ನ ಹತ್ತಿರ ಏನೂ ಇಲ್ಲ. ಇದ್ದಿದ್ದರೆ ಬೈಯುತ್ತಿದ್ದೆ.

ತೊಡೆಯ ಸಂದಿಯಿಂದ ಚರ್ಮ ತೆಗೆದು ಅಂಗೈಗೆ ಹೊಲಿದರು. ಬೆರಳುಗಳು ಮತ್ತೆ ಮಡಚದಂತೆ ಒಳಗೆ ತಂತಿ ಹಾಕಿ ಕೆಲವು ವಾರ ಹಾಗೇ ಇಟ್ಟರು. ಆಮೇಲೆ ರಾತ್ರಿ ಕಟ್ಟಿಕೊಳ್ಳಲು ಒಂದು ಪಟ್ಟಿ, ಹಗಲು ಮಾಡಲು ವ್ಯಾಯಾಮ. ಹೊಸ ಚರ್ಮಕ್ಕೆ ಬಿಸಿ ಬೇಗ ತಿಳಿಯುವುದಿಲ್ಲ, ಆರು ತಿಂಗಳು ಒಲೆಯ ಹತ್ತಿರ ಹೋಗಬೇಡಿ ಎಂದಿದ್ದರು ಡಾಕ್ಟರು. ತಂಗಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡು ಕಾಯ್ದಳು, ಒಂದು ದಿನ ಮೊದಲೂ ಒಲೆಯ ಹತ್ತಿರ ಹೋಗಲಿಲ್ಲ.

ಆ ಬೆಳಿಗ್ಗೆ, ಅದು ಶನಿವಾರವೇ ಆಗಿತ್ತು, ಹಿಟ್ಟನ್ನು ನಾನು ನಾದಿಕೊಟ್ಟೆ. ಒಲೆ ಹೊತ್ತಿಸಿದವಳೂ ನಾನೇ, ನೆಲವನ್ನು ಮೂರು ಸಲ ಒರೆಸಿದವಳೂ ನಾನೇ. ಅವಳು ಉಂಡೆಯ ಮೇಲೆ ಅಂಗೈ ಇಟ್ಟಳು. ಅಂಗೈ ಚಪ್ಪಟೆಯಾಗಿ ಬಿತ್ತು. ಪಟ್. ಮತ್ತೆ ಪಟ್. ರೊಟ್ಟಿ ಮೊದಲು ಅನುಮಾನಿಸುತ್ತ, ಆಮೇಲೆ ಸರಾಗವಾಗಿ ತಿರುಗಿತು. ನಾಲ್ಕು ಬೆರಳು ನೆಟ್ಟಗೆ. ಕಿರುಬೆರಳು ಮಾತ್ರ ಒಳಗೆ ಬಾಗಿ ನಿಂತು, ಬಡಿದಾಗಲೆಲ್ಲ ಅಂಚಿನಲ್ಲಿ ಕುಳಿ ಮಾಡುತ್ತಿತ್ತು. ಮುಂದಿನ ಬಡಿತ ಅದನ್ನು ಅಳಿಸುತ್ತಿತ್ತು. ಕಟ್ಟಕಡೆಯ ಬಡಿತದ ಕುಳಿ ಹಾಗೇ ಉಳಿಯಿತು. ಹೆಸರುಕಾಳಿನಷ್ಟು ದೊಡ್ಡದು.

ಇಂಡಿಯವನು ಹತ್ತು ಗಂಟೆಗೆ ಬಂದ. ರೊಟ್ಟಿಯ ಕಟ್ಟನ್ನು ಕಂಡು ಬಾಗಿಲಲ್ಲೇ ನಿಂತ. ನಾನು ಅವನಿಗೆ ಹೇಳಬೇಕೆಂದು ಏನೇನೋ ಯೋಚಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು "ಒಳಗ ಬರ್ರಿ, ಕೂಡ್ರಿ" ಎಂಬ ಮಾತೊಂದೇ. ಇಷ್ಟು ವರ್ಷದಲ್ಲಿ ಅವನಿಗೆ ನಾನು 'ರೀ' ಹಚ್ಚಿದ್ದು ಅದೇ ಮೊದಲು. ಅವನು ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತ. ತಂಗಿ ಬಲಗೈ ಚಾಚಿ ತೋರಿಸಿದಳು, ಅವನು ಎಡಗೈ ಚಾಚಿದ. ಇಬ್ಬರೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ಮಕ್ಕಳಂತೆ ನೋಡಿಕೊಂಡರು.

"ನಿಮ್ಮದರಾಗ ಕೂದಲಿಲ್ಲ ಬಿಡ್ರಿ ಅಕ್ಕಾರ" ಎಂದು ನಕ್ಕ ಅವನು. ಕಟ್ಟಿನಿಂದ ಒಂದು ರೊಟ್ಟಿ ತೆಗೆದು, ಅಂಚಿನ ಕುಳಿಯ ಮೇಲೆ ಬೆರಳಾಡಿಸಿ ಕೇಳಿದ: "ಇದೇನ್ರಿ, ಹೊಸಾ ಗುರುತು?"

ತಂಗಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ನಮ್ಮಕ್ಕನ ಸಹಿ ಅದು" ಎಂದಳು. "ಭಾಳ ತಡಾ ಮಾಡಿ ಹಾಕ್ತಾಳ. ಆದ್ರ ಈಗ ನೋಡ್ರಿ, ಒಂದು ರೊಟ್ಟಿ ಮ್ಯಾಲೂ ತಪ್ಪಿಲ್ಲ."

ಅರ್ಥವಾಗದೆ ಅವನು ಸುಮ್ಮನೆ ನಕ್ಕ. ನಾನು ರೊಟ್ಟಿಗಳನ್ನು ಎಣಿಸುವ ನೆವದಲ್ಲಿ ಒಂದೊಂದನ್ನೇ ಎತ್ತಿ ನೋಡಿದೆ. ಅವಳು ಹೇಳಿದ್ದು ನಿಜ. ಎಲ್ಲದರ ಮೇಲೂ ಇತ್ತು.